ಬಣ್ಣ: ಬಿಳಿ

ಮೊದಲು ತೊಳೆಯಬೇಕಿತ್ತು. ಅರ್ಧ ಲೀಟರು ಡೀಸೆಲ್,
ಹಲ್ಲುಜ್ಜುವ ಹಳೆಯ ಬ್ರಶ್ಶು, ಜೀನ್ಸಿನ ಕತ್ತರಿಚೂರು.
ಚೈನಿನ ಒಂದೊಂದು ಕೊಂಡಿಯಿಂದಲೂ ಕೆಂಪು ಇಳಿದು
ಬಕೀಟಿನಲ್ಲಿ ಒಂದು ಸಣ್ಣ ಗಣಿಯೇ ಆಯಿತು.
ಬಳ್ಳಾರಿಯಲ್ಲಿ ಬಿಳಿ ಸೈಕಲ್ಲು ಕೊಂಡವನಿಗೆ
ಬುದ್ಧಿ ಎಲ್ಲಿತ್ತು ಅಂತ ನೀವು ಕೇಳಬಹುದು.
ಆದರೂ ಬಣ್ಣದ ಖಾನೆಯಲ್ಲಿ ಬಿಳಿ ಎಂದೇ ಬರೆದೆ.

ಫೋಟೋಕ್ಕೆ ಗೋಡೆ ಸಿಗಲಿಲ್ಲ.
ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಎಲ್ಲ ಗೋಡೆಗೂ
ಪ್ಯಾಂಟು ಒಣಗುತ್ತವೆ, ಸೊಂಟದ ಮೇಲೆ ಯಾರೂ ಇಲ್ಲದ
ನೀಲಿ ಕಾಲುಗಳು, ನೂರಾರು.
ಕೊನೆಗೆ ಬೆಳಗಿನ ಆರಕ್ಕೆ ಕೋಟೆಗುಡ್ಡದ ಬುಡದಲ್ಲಿ
ಬಂಡೆಗೆ ಒರಗಿಸಿ ನಾಲ್ಕು ತೆಗೆದೆ.

ಬೆಲೆಯ ಖಾನೆ ಖಾಲಿ ಮಿಣುಕುತ್ತಿತ್ತು.
ನಲವತ್ತಾರು ಸಾವಿರಕ್ಕೆ ಕೊಂಡದ್ದು, ಮೂರು ಕಂತು.
ನಾಲ್ಕು ವರ್ಷ. ಹತ್ತೊಂಬತ್ತು ಸಾವಿರ ಕಿಲೋಮೀಟರು.
ಓಡಿಸಿದಷ್ಟೂ ಬೆಲೆ ಇಳಿಯುತ್ತದಂತೆ;
ಮೂಲೆಯಲ್ಲಿ ನಿಲ್ಲಿಸಿದ್ದರೆ ಇನ್ನೂ ಎಂಟು ಸಾವಿರ ಬರುತ್ತಿತ್ತು.
ಆ ಎಂಟು ಸಾವಿರವನ್ನು ನಾನು ಸಂಡೂರಿನ ಇಳಿಜಾರಿನಲ್ಲಿ
ಲಾರಿಗಳು ಏಳುವ ಮೊದಲು
ಎರಡೂ ಕೈ ಬಿಟ್ಟು ಖರ್ಚು ಮಾಡಿದ್ದೇನೆ.

ಪಂಕ್ಚರ್ ಅಂಗಡಿಯ ಮಾಬುಸಾಬ್ ಹೇಳಿದ:
‘ಎತ್ತಾಗ್ಲಿ ಸೈಕಲ್ಲಾಗ್ಲಿ, ಹಲ್ಲು ನೋಡಿ ರೇಟ್ ಕಟ್ಟಬೇಕ್ರಿ.’
ಗೇರಿನ ಹಲ್ಲು ಹೆಬ್ಬೆರಳಲ್ಲಿ ಸವರಿ,
‘ಬಾಯಿಗೂಡೇತಿ’ ಅಂದ.
ಅವನಪ್ಪ ದನದ ಸಂತೆಯ ದಲ್ಲಾಳಿ,
ಟವೆಲ್ಲಿನ ಕೆಳಗೆ ಬೆರಳು ಹಿಡಿದು
ಜೋಡಿ ಎತ್ತಿನ ಬೆಲೆ ಮುಗಿಸುತ್ತಿದ್ದನಂತೆ,
ಕೊಟ್ಟವನಿಗೆ ಗೊತ್ತು, ಕೊಂಡವನಿಗೆ ಗೊತ್ತು, ಸಂತೆಗಿಲ್ಲ.
ನನ್ನ ಇಪ್ಪತ್ತೊಂದು ಸಾವಿರ
ಹೊಸಪೇಟೆಯಿಂದ ಗುಂತಕಲ್ಲಿನವರೆಗೆ
ಬರಿಮೈಯಲ್ಲಿ ನಿಂತಿತು.

‘ಇದೆಯಾ?’
‘ಲಾಸ್ಟ್ ಎಷ್ಟು?’
‘ಆರು ಸಾವಿರ, ಈಗಲೇ ಬರ್ತೀನಿ.’
‘ಇಷ್ಟು ದುಡ್ಡಿಗೆ ಮೋಟರ್ ಎಲ್ಲೈತ್ರಿ?’
‘ಫ್ರಿಜ್ ಕೊಡ್ತೀನಿ, ಡಬಲ್ ಡೋರ್.’
ಒಬ್ಬನಂತೂ ಹಿಂದೆ ಕ್ಯಾರಿಯರ್ ಇಲ್ಲವೆಂದು
ತೆಲುಗಿನಲ್ಲಿ ಬೈದೇಬಿಟ್ಟ.

ದೋಷಗಳನ್ನು ಬರೆದಿದ್ದೆ, ಸಾಕ್ಷಿ ಹೇಳುವವನಂತೆ.
ಮೇಲಿನ ಕೊಳವೆಗೆ ಗೀರು: ತೋರಣಗಲ್ಲಿನ ಗೇಟು, ಅವಸರ ನನ್ನದು.
ಹಿಂದಿನ ರಿಮ್ಮು ಒಮ್ಮೆ ಬಾಗಿ ನೆಟ್ಟಗಾದದ್ದು.
ಹ್ಯಾಂಡಲ್ಲಿನ ಪಟ್ಟಿ ಕಂಪನಿಯದಲ್ಲ,
ನಾನೇ ಹೊಲಿದ ಡೆನಿಮ್ಮು, ಜೋಡಿ ಹೊಲಿಗೆ.
ಒಂದನ್ನು ಬರೆಯಲಿಲ್ಲ.

ಕಾರಟಗಿಯ ಹುಲಿಗೆಮ್ಮ ಮೊದಲ ಬಸ್ಸಿಗೆ ಬಂದಳು,
ಹತ್ತೊಂಬತ್ತೋ ಇಪ್ಪತ್ತೋ, ಚೀಲದಲ್ಲಿ ತನ್ನದೇ ಪಾನಾ.
ಲಾಸ್ಟ್ ಕೇಳಲಿಲ್ಲ. ಸೀಟು ಎರಡು ಬೆರಳು ಇಳಿಸಿದಳು,
ಓಣಿಯ ತುದಿಯ ಮಸೀದಿ ತನಕ ಹೋಗಿ ಬಂದಳು.
‘ಎಡಗಾಲು ತುಳಿದಾಗ ಕಟ್ ಅಂತೈತಲ್ರಿ.
ಅದನ್ನ ನೀವು ಬರೆದಿಲ್ಲ.’

ಬರೆದಿರಲಿಲ್ಲ. ಎರಡು ವರ್ಷದಿಂದ ಆ ಕಟ್
ಸೈಕಲ್ಲಿನದೋ ನನ್ನ ಮೊಣಕಾಲಿನದೋ ತಿಳಿಯದೆ
ಒಬ್ಬನೇ ಕೇಳಿಸಿಕೊಳ್ಳುತ್ತಿದ್ದೆ.

ಮೂರೂವರೆ ಸಾವಿರ ಇಳಿಸಿದೆ. ಬೇಡ ಅನ್ನಲಿಲ್ಲ ಅವಳು.
ನನ್ನ ಫೋನು ಚಾರ್ಜಿಲ್ಲದೆ ಸತ್ತಿತ್ತು;
ಮಾಬುಸಾಬನ ಖಾತೆಗೆ ಹಾಕಿದಳು. ಅವನ ಡಬ್ಬಿ
ಇಡೀ ಓಣಿಗೆ ಕೇಳುವಂತೆ ಕೂಗಿತು:
‘ಹದಿನೇಳು ಸಾವಿರದ ಐನೂರು ರೂಪಾಯಿ ಸ್ವೀಕರಿಸಲಾಗಿದೆ.’
ಅವನಪ್ಪ ಇದ್ದಿದ್ದರೆ
ಟವೆಲ್ ತಂದು ಡಬ್ಬಿಗೆ ಹೊದಿಸುತ್ತಿದ್ದ.

‘ಬಸ್ಸಿನ ಮೇಲೆ ಕಟ್ಟಾಕ ಹಗ್ಗ ಕೊಡಲೇನಮ್ಮ?’
‘ಯಾಕ್ರಿ, ಸೈಕಲ್ ಐತಲ್ಲ.’

ದುಡ್ಡು ಮಧ್ಯಾಹ್ನವೇ
ಓವರ್‌ಲಾಕ್ ಮಷೀನಿನ ಮುಂಗಡಕ್ಕೆ ಹೋಯಿತು.
ನಾಲ್ಕಕ್ಕೆ ಸಿರುಗುಪ್ಪ ದಾಟಿದ ಕಡೆಯಿಂದ ಒಂದು ಫೋಟೋ:
ಕಾಲುವೆ ಕಟ್ಟೆಗೆ ಒರಗಿದ ಸೈಕಲ್ಲು, ಹಿಂದೆ ಭತ್ತ,
ಎರೆಮಣ್ಣು ಮೆತ್ತಿ ಅರ್ಧ ಕಪ್ಪು.
ಕೆಳಗೆ ಬರೆದಿದ್ದಳು:
‘ಪೆಡಲ್ ಸಡಿಲಿತ್ತು. ಬಿಗಿ ಮಾಡಿದೆ. ಸದ್ದು ಹೋಯ್ತು.’

ಎದ್ದು ನಿಂತೆ. ಕೂತೆ. ಮತ್ತೆ ಎದ್ದೆ.
ಮೊಣಕಾಲು ಏನೂ ಅನ್ನಲಿಲ್ಲ.